ಸುಣ್ಣ ಬಳಿದು ಹೊರಟವರು

ಗಣೇಶನನ್ನು ಕೆರೆಗೆ ಬಿಟ್ಟ ಮೇಲೆ, ಮಹಾಲಯ ಅಮಾವಾಸ್ಯೆಗೆ ಮುಂಚೆ, ಮೂರು ನಾಲ್ಕು ದಿನ ರಜೆ ಬರೆದುಕೊಟ್ಟು ನಾನು ಮಿಡಿಗೇಶಿಗೆ ಹೋಗುವುದು ಪ್ರತಿವರ್ಷದ ರೂಢಿ. ಹೋದವನು ಅಲ್ಲಿ ಮಾಡುವುದು ಇಷ್ಟೆ: ತಾತನ ಕಾಲದ ಮನೆಯ ಬೀಗ ತೆಗೆದು, ಜೇಡ ಧೂಳು ಹೊಡೆದು, ಗೋಡೆಗೆ ಸುಣ್ಣ ಬಳಿಸಿ, ಹಿತ್ತಿಲ ಕಳೆ ಕೀಳಿಸಿ, ಬೇಲಿಯ ಕಂಡಿಗೆ ಮುಳ್ಳು ಮುಚ್ಚಿ, ಮತ್ತೆ ಬೀಗ ಹಾಕಿ ತುಮಕೂರಿನ ಬಸ್ಸು ಹಿಡಿಯುವುದು. ಹಬ್ಬದ ದಿನ ಆ ಮನೆಯಲ್ಲಿ ನಾವಾರೂ ಇರುವುದಿಲ್ಲ. ಕಾಲೇಜಿನಲ್ಲಿ ಇತಿಹಾಸ ಹೇಳುವ ಸ್ನೇಹಿತರೊಬ್ಬರು ಈ ಸಲ ಕೇಳಿಯೇಬಿಟ್ಟರು: “ಅಲ್ಲ ಸ್ವಾಮಿ, ಇರುವ ಮನೆಗೆ ಸುಣ್ಣ ಹೊಡೆಸುವವರನ್ನು ಕಂಡಿದ್ದೇನೆ. ಬಿಟ್ಟುಹೋಗುವ ಮನೆಗೆ ಸುಣ್ಣ ಹೊಡೆಸುವವರೆಂದು ನಿಮ್ಮೊಬ್ಬರನ್ನೇ ಕಂಡದ್ದು.”

ನಗುತ್ತ ಸುಮ್ಮನಾದೆ. ಆದರೆ ಪ್ರಶ್ನೆ ಸುಮ್ಮನಾಗಲಿಲ್ಲ. ನನ್ನ ತಮ್ಮನೂ ಅದೇ ಪ್ರಶ್ನೆಯನ್ನು ಬೇರೆ ದಾಟಿಯಲ್ಲಿ ಕೇಳುತ್ತಿದ್ದಾನೆ. ಅದನ್ನು ಮುಂದೆ ಹೇಳುತ್ತೇನೆ. ಓದಿದ್ದನ್ನೂ ಕೇಳಿದ್ದನ್ನೂ ಒಟ್ಟಿಗಿಟ್ಟು ನೋಡಿದಾಗ, ಶರತ್ಕಾಲದಲ್ಲಿ ಮನೆಗೆ ಸುಣ್ಣ ಬಳಿಯುವುದಕ್ಕೂ ಮನೆ ಬಿಟ್ಟು ಹೊರಡುವುದಕ್ಕೂ ನಮ್ಮ ನಾಡಿನಲ್ಲಿ ಬಹಳ ಹಳೆಯ ನಂಟಿದೆ ಎಂದು ನನಗೆ ತೋರಿತು. ಇರುವುದಕ್ಕಾಗಿ ಸುಣ್ಣ ಬಳಿದವರಿಗಿಂತ ಹೊರಡುವುದಕ್ಕಾಗಿ ಬಳಿದವರೇ ಹೆಚ್ಚಾಗಿದ್ದರೋ ಏನೋ!

ಮಿಡಿಗೇಶಿಯನ್ನು ಕಾಣದವರಿಗೆ ಎರಡು ಮಾತು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಸುಮಾರು 20 ಕಿಲೋಮೀಟರು ಸಾಗಿದರೆ ಒಂದು ಬೋಳು ಕಲ್ಲುಬೆಟ್ಟ ಎದುರಾಗುತ್ತದೆ. ಮೈಮೇಲೆಲ್ಲ ಕೋಟೆಯ ಗೋಡೆ, ಬುಡದಲ್ಲಿ ಊರು. ಹಿಮ್ಮಡಿಯವರೆಗೆ ಇಳಿಯುವಷ್ಟು ಉದ್ದನೆಯ ಕೇಶವಿದ್ದ ಒಬ್ಬ ರಾಣಿಯ ಹೆಸರೇ ಊರಿಗೆ ನಿಂತಿತೆಂದು ಹಿರಿಯರು ಹೇಳುತ್ತಾರೆ. ಗಂಡ ತೀರಿಕೊಂಡಾಗ ಅವಳು ಸಹಗಮನ ಮಾಡಿದಳೆಂಬುದೂ ಕತೆಯ ಭಾಗ. ಹಿಮ್ಮಡಿ ಮಿಡಿಯಾದ ಬಗೆಯನ್ನು ತರಗತಿಯಲ್ಲಿ ವಿವರಿಸು ಎಂದರೆ ನಾನು ತಡವರಿಸಬೇಕಾಗುತ್ತದೆ; ಊರವರು ತಡವರಿಸುವುದಿಲ್ಲ. 1678ರ ಸುಮಾರಿನಲ್ಲಿ ಚಿಕ್ಕದೇವರಾಜ ಒಡೆಯರು ಮಧುಗಿರಿಯೊಡನೆ ಈ ಕೋಟೆಯನ್ನೂ ಮೈಸೂರಿಗೆ ಸೇರಿಸಿಕೊಂಡರು. ಪೂರ್ವಕ್ಕೆ ಕೆಲವೇ ಮೈಲಿ ನಡೆದರೆ ಮಡಕಶಿರಾ ಸೀಮೆ, ಎಂದರೆ ಆಂಧ್ರ. ಎಲ್ಲೆಯ ಊರು, ಆದ್ದರಿಂದ ಬರುವವರು ಹೋಗುವವರು ಎಲ್ಲರೂ ತುಳಿದ ಊರು.

ನಮ್ಮ ಮನೆ ಮಣ್ಣಿನ ಗೋಡೆಯ ಮಾಳಿಗೆ ಮನೆ. ತೊಲೆ ಜಂತೆಗಳ ಮೇಲೆ ಸೊಪ್ಪು ಹರಡಿ, ಮಣ್ಣು ಬಡಿದು, ಅದರ ಮೇಲೆ ಕರಲು ಮಣ್ಣು ಹಾಕಿದ ಮಟ್ಟಸವಾದ ಮಾಡು. ನಡುಮನೆಗೆ ಒಂದು ಗವಾಕ್ಷಿ. ಮಧುಗಿರಿ, ಶಿರಾ, ಪಾವಗಡಗಳ ಮಳೆ ಕಡಮೆಯಾದ ಸೀಮೆಯಲ್ಲಿ ಹಿಂದೆ ಇಂಥ ಮನೆಗಳೇ ಹೆಚ್ಚು. ಇವುಗಳ ಗೋಡೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮುಖ ಬಾಡಿ ನಿಲ್ಲುತ್ತದೆ. ಸುಣ್ಣ ಕೆಮ್ಮಣ್ಣು ಕಂಡರೇ ಅದಕ್ಕೆ ಕಳೆ.

ಇಲ್ಲಿ ನನ್ನ ಕಸುಬಿನ ಒಂದೆರಡು ಮಾತನ್ನು ಓದುಗರು ಸಹಿಸಿಕೊಳ್ಳಬೇಕು. ಸುಣ್ಣ ಎಂಬುದು ಸಂಸ್ಕೃತದ ‘ಚೂರ್ಣ’ದ ತದ್ಭವ. ಆದರೆ ಸಂಸ್ಕೃತದವರು ಗೋಡೆಗೆ ಬಳಿಯುವ ಸುಣ್ಣಕ್ಕೆ ಇಟ್ಟ ಇನ್ನೊಂದು ಹೆಸರು ‘ಸುಧೆ’. ದೇವತೆಗಳು ಕುಡಿದ ಅಮೃತಕ್ಕೂ ಅದೇ ಹೆಸರು! ಸುಧೆ ಬಳಿದದ್ದು ‘ಸೌಧ’. ಅಮರಸಿಂಹ ತನ್ನ ಕೋಶದಲ್ಲಿ ಸೌಧವೆಂದರೆ ರಾಜಗೃಹ ಎಂದ. ಅಂದಮೇಲೆ ವರ್ಷಕ್ಕೊಮ್ಮೆ ಸುಣ್ಣ ಕಾಣುವ ನಮ್ಮ ಮಣ್ಣಿನ ಮಾಳಿಗೆ ವ್ಯುತ್ಪತ್ತಿಯ ಪ್ರಕಾರ ಸೌಧವೇ. 1956ರಲ್ಲಿ ಬೆಂಗಳೂರಿನಲ್ಲಿ ಕಟ್ಟಿ ಮುಗಿಸಿದ ವಿಧಾನಸೌಧ ಮಾತ್ರ ಬರಿಯ ಕಲ್ಲಿನ ಮೈಯದು. ಸುಣ್ಣ ಕಾಣದ ಸೌಧ. ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು ನಗುತ್ತಾರೆ. ವರ್ಷಕ್ಕೆ ಒಂದೇ ಸಲ ಸಿಕ್ಕುವ ನಗೆ ಅದು, ಬಿಡಲಾರೆ.

ಸುಣ್ಣದ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅಮೃತದ ಹೆಸರು ಹೆಚ್ಚೆನಿಸದು. ನಮ್ಮ ಕಡೆಯ ಹೊಲ ಹಳ್ಳಗಳಲ್ಲಿ ಸುಣ್ಣದ ಕಲ್ಲಿನ ಹರಳು ಸಿಗುತ್ತವೆ. ಅವನ್ನು ಆಯ್ದು, ಗೂಡಿನಲ್ಲಿ ಇದ್ದಲಿನ ಪದರ ಕಲ್ಲಿನ ಪದರ ಒಂದರ ಮೇಲೊಂದು ಹಾಕಿ ಸುಡುತ್ತಿದ್ದರು. ಉಪ್ಪಾರರು, ಸುಣ್ಣಗಾರರು ಈ ಕೆಲಸದಲ್ಲಿ ಪಳಗಿದವರು. ಸುಮಾರು 900 ಡಿಗ್ರಿ ಕಾವಿನಲ್ಲಿ ಕಲ್ಲಿನೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಬಿದ್ದರೆ ಬೆಂಕಿಯಿಲ್ಲದೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗುಂಡಿಯಲ್ಲಿ ನೀರು ನಿಲ್ಲಿಸಿ ಇಟ್ಟರೆ ದಿನ ಕಳೆದಷ್ಟೂ ಬೆಣ್ಣೆಯಾಗುತ್ತದೆ. ತೆಳ್ಳಗೆ ಕಲಸಿ, ಗಂಜಿಯನ್ನೋ ಉಪ್ಪನ್ನೋ ಬೆರೆಸಿ, ಬಿಳುಪಿಗೆ ಚಿಟಿಕೆ ನೀಲಿ ಹಾಕಿ, ಕತ್ತಾಳೆ ನಾರಿನ ಕುಂಚದಲ್ಲಿ ಬಳಿದರೆ ಮೊದಲು ಗೋಡೆಯ ಮೇಲೆ ಏನೂ ಕಾಣುವುದಿಲ್ಲ. ಒಣಗುತ್ತ ಬಂದಂತೆ ಬೆಳ್ಳಗಾಗುತ್ತದೆ. ಗೂಡಿನಲ್ಲಿ ಬಿಟ್ಟುಕೊಟ್ಟ ಅನಿಲವನ್ನೇ ಗಾಳಿಯಿಂದ ಮತ್ತೆ ಎಳೆದುಕೊಂಡು ಸುಣ್ಣ ಪುನಃ ಕಲ್ಲಾಗುವ ಬಗೆ ಇದು. ಊರು ಬಿಟ್ಟುಹೋದದ್ದು ಊರಿಗೆ ಬಂದು ಸೇರಿದಂತೆ.

ಈ ಕಲ್ಲಾಗುವ ಕೆಲಸಕ್ಕೆ ಕಾಲ ಕೂಡಿಬರಬೇಕು. ಬಿರುಬೇಸಿಗೆಯಲ್ಲಿ ಬಳಿದರೆ ನೀರು ಬೇಗ ಆರಿ ಸುಣ್ಣ ಹಿಟ್ಟಾಗಿ ಕೈಗೆ ಅಂಟುತ್ತದೆ. ಜಡಿಮಳೆಯಲ್ಲಿ ಬಳಿದರೆ ಅಂಗಳಕ್ಕೆ ಇಳಿಯುತ್ತದೆ. ಗೋಡೆಯಲ್ಲಿ ಮಳೆಗಾಲದ ತಂಪು ಇನ್ನೂ ಇದ್ದು, ಆಕಾಶ ಮಾತ್ರ ತಿಳಿಯಾದ ದಿನಗಳು ಬೇಕು. ಅದೇ ಶರತ್ತು. ಅಷ್ಟಾದಶ ವರ್ಣನೆಯ ನಮ್ಮ ಕವಿಗಳು ಶರತ್ಕಾಲವೆಂದರೆ ತಾವರೆ, ಹಂಸ, ಬೆಳುದಿಂಗಳು ಎಂದು ಸಾಲುಸಾಲಾಗಿ ಬರೆದಿದ್ದಾರೆ. ಸುಣ್ಣದ ಹರವಿಯನ್ನು ವರ್ಣಿಸಿದವರನ್ನು ನಾನು ಓದಿದ ಮಟ್ಟಿಗೆ ಕಾಣೆ. ಅಷ್ಟು ಬಿಳುಪನ್ನು ಹೊಗಳಿದವರು ಮನೆಯ ಗೋಡೆಯ ಕಡೆಗೊಮ್ಮೆ ನೋಡಬಾರದಿತ್ತೆ?

ಅದೇ ತಿಳಿಯಾದ ಆಕಾಶ ಇನ್ನೊಂದು ಕೆಲಸಕ್ಕೂ ಅಪ್ಪಣೆ ಕೊಡುತ್ತಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿ, ದಾರಿ ಕೆಸರಾಗಿ, ದಂಡು ವರ್ತಕರು ಯಾತ್ರಿಕರು ಎಲ್ಲರೂ ಇದ್ದಲ್ಲೇ ಇರಬೇಕಾಗಿತ್ತು. ಆಶ್ವಯುಜ ಬಂತೆಂದರೆ ಹೊಳೆಗೆ ಹಾಯುಗಡ ಬೀಳುತ್ತದೆ, ಎತ್ತು ಕುದುರೆಗಳಿಗೆ ಮೇವು ಇರುತ್ತದೆ. ಕಾಳಿದಾಸ ರಘುವಂಶದ ನಾಲ್ಕನೆಯ ಸರ್ಗದಲ್ಲಿ ರಘುವನ್ನು ದಿಗ್ವಿಜಯಕ್ಕೆ ಹೊರಡಿಸಿದ್ದು ಈ ಋತುವಿನಲ್ಲಿಯೇ; ಅರಸನಿಗಿಂತ ಮುಂಚೆ ಶರತ್ತಿಗೇ ಅವಸರ. ವಿಜಯದಶಮಿಯ ಸೀಮೋಲ್ಲಂಘನ, ಆಯುಧಪೂಜೆ, ಬನ್ನಿ, ನಮ್ಮ ತುಮಕೂರಿನ ಕಡೆ ದೇವರ ಮುಂದೆ ಬಾಳೆಗೆ ಬಾಣ ಬಿಡುವ ಅಂಬಿನೋತ್ಸವ, ಇವೆಲ್ಲ ಹೊರಡುವವರ ಆಚಾರಗಳು. ಸಂಸಾರ ಹೂಡಿ ಕೂತವರ ಹಬ್ಬಕ್ಕೆ ಬಾಣ ಏಕೆ ಬೇಕು?

ವಿಜಯನಗರದಲ್ಲಿ ಇದನ್ನು ಕಣ್ಣಾರೆ ಕಂಡು ಬರೆದವನು ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಅವನು ಅಲ್ಲಿದ್ದ. ಹಬ್ಬ ಸೆಪ್ಟೆಂಬರು 12ರಂದು ಮೊದಲಾಯಿತೆಂದು ದಿನಾಂಕವನ್ನೂ ಗುರುತಿಸಿದ್ದಾನೆ. ಒಂಬತ್ತು ದಿನದ ಪೂಜೆ, ಕುಣಿತ, ಕುಸ್ತಿ, ಬಾಣಬಿರುಸುಗಳನ್ನು ಬಣ್ಣಿಸಿದ ಮೇಲೆ ಅವನು ಹೇಳುವ ಒಂದು ವಿವರ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹಬ್ಬ ಮುಗಿದ ಕೂಡಲೆ ರಾಯನು ನಗರದಿಂದ ಒಂದು ಹರದಾರಿ ಆಚೆ ಮಖಮಲ್ಲಿನ ಡೇರೆ ಹಾಕಿಸಿ, ದೇವರನ್ನು ಅಲ್ಲಿಗೆ ಬಿಜಯಮಾಡಿಸಿ, ಅರಮನೆಯಿಂದ ಡೇರೆಯವರೆಗೆ ಸಾಲುಗಟ್ಟಿ ನಿಂತ ತನ್ನ ದಂಡನ್ನೆಲ್ಲ ನೋಡಿಕೊಂಡು ಬಂದನಂತೆ. ಮಹಾನವಮಿಯ ದಿಬ್ಬದ ವೈಭವ ನೋಡುವವರು ಈ ಡೇರೆಯನ್ನು ಮರೆಯುತ್ತಾರೆ. ಒಂಬತ್ತು ದಿನದ ಸಡಗರವೆಲ್ಲ ಕೊನೆಗೆ ಹೋಗಿ ಮುಟ್ಟಿದ್ದು ಊರ ಹೊರಗಿನ ಬಯಲಿಗೆ.

ಆ ಹಬ್ಬವನ್ನು ಮೈಸೂರಿನ ಒಡೆಯರು ಎತ್ತಿಕೊಂಡರು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮೊದಲು ಮಾಡಿದ ನವರಾತ್ರಿ ಕಂಠೀರವ ನರಸರಾಜರ ಕಾಲಕ್ಕೆ ಎಷ್ಟು ಬೆಳೆದಿತ್ತೆಂಬುದನ್ನು ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ದಲ್ಲಿ ನೋಡಬಹುದು. ಉತ್ತರದಲ್ಲಿ ಮರಾಠರು ದಸರೆಯ ಸೀಮೋಲ್ಲಂಘನವನ್ನು ಅಕ್ಷರಶಃ ನಡೆಸಿದರು. ಬನ್ನಿ ಮುಡಿದು ಎಲ್ಲೆ ದಾಟಿದರೆಂದರೆ ತಿರುಗಿ ಬರುವುದು ಮುಂದಿನ ಮಳೆಗೆ ಮುಂಚೆ.

ಇದುವರೆಗೆ ಹೇಳಿದ್ದು ಹೊರಟವರ ಕತೆ. ಅವರು ಹೊರಟು ಬಂದದ್ದು ಎಲ್ಲಿಗೆ? ನಮ್ಮ ಸೀಮೆಗೆ. 1761ರಲ್ಲಿ ಶಿರಾ ಹೈದರಾಲಿಯ ಕೈಸೇರಿತು. 1763ರಲ್ಲಿ ಅವನು ಬಿದನೂರನ್ನು ಗೆದ್ದು ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಮಗನನ್ನೂ ತಂದು ಮಧುಗಿರಿ ಬೆಟ್ಟದ ಮೇಲೆ ಸೆರೆಯಿಟ್ಟ. 1766ರ ಮಳೆಗಾಲ ಕಳೆದ ಮೇಲೆ ಪೇಶ್ವೆ ಮಾಧವರಾಯ ಪುಣೆಯಿಂದ ಹೊರಟ. ಮರುವರ್ಷದ ಮೊದಲ ತಿಂಗಳುಗಳಲ್ಲಿ ಶಿರಾ ಅವನ ವಶವಾಯಿತು. ಅದನ್ನು ಕಾಯುತ್ತಿದ್ದ ಹೈದರನ ಭಾವಮೈದ ಮೀರ್ ಅಲಿ ರಜಾಖಾನ್ ಕೋಟೆಯನ್ನು ಒಪ್ಪಿಸಿಬಿಟ್ಟ. ಹಿಂದೆಯೇ ಮಧುಗಿರಿಯೂ ಬಿತ್ತು. ವೀರಮ್ಮಾಜಿಗೆ ಬಿಡುಗಡೆಯಾಯಿತು. ಪುಣೆಯ ಕಡೆ ಹೋಗುವ ದಾರಿಯಲ್ಲಿ ಅವಳು ತೀರಿಕೊಂಡಳೆನ್ನುತ್ತಾರೆ. ಇಕ್ಕೇರಿಯವರ ಅರಮನೆಯಲ್ಲಿ ಆಯುಧಪೂಜೆ ಮಾಡಿಸಿದ ಕೈ, ಮಧುಗಿರಿಯ ಕಲ್ಲುಬೆಟ್ಟದ ಮೇಲೆ ನಾಲ್ಕು ನವರಾತ್ರಿಗಳನ್ನು ಎಣಿಸಿರಬೇಕು. ಮಧುಗಿರಿ ಬೆಟ್ಟಕ್ಕೆ ಹತ್ತುವ ಹುಡುಗರಿಗೆ ನಾನು ತಪ್ಪದೆ ಹೇಳುವ ವಿಷಯ ಇದು. ಅವರು ಭಾವಚಿತ್ರ ತೆಗೆದುಕೊಳ್ಳುವುದನ್ನು ನಿಲ್ಲಿಸಿ ಒಂದು ನಿಮಿಷ ಕೇಳುತ್ತಾರೆ.

ಆ ಕಾಲದಲ್ಲಿ ಮಿಡಿಗೇಶಿಯಂಥ ಊರಿನ ಒಕ್ಕಲು ಮಕ್ಕಳು ಮಾರ್ನಮಿಗೆ ಸುಣ್ಣ ಬಳಿಯುವಾಗ ಏನು ನೆನೆಯುತ್ತಿದ್ದರೋ! ದಾರಿ ಒಣಗುತ್ತಿದೆ ಎಂದರೆ ಕುದುರೆಯ ದಂಡು ಬರಬಹುದು ಎಂದೂ ಅರ್ಥ. ಪೇಟೆಯ ವರ್ತಕ ಹೊರಡಲು ಕಾದ ಆಕಾಶವನ್ನೇ ಬೆಟ್ಟದ ಬುಡದವನು ಅಂಜಿಕೆಯಿಂದ ನೋಡಿರಬೇಕು.

ಹೋಗಲೊಲ್ಲದೆ ಹೋದವರೂ ಇದ್ದರು. ಶಿರಾ ಮೊಗಲರ ಸುಬೆಯ ಮುಖ್ಯಪಟ್ಟಣವಾಗಿ ಮೆರೆದ ಊರು. ಟಿಪ್ಪುವಿನ ಕಾಲದಲ್ಲಿ ಅಲ್ಲಿಂದ 12,000 ಕುಟುಂಬಗಳನ್ನು ಎಬ್ಬಿಸಿ ಶ್ರೀರಂಗಪಟ್ಟಣದ ಹೊಸ ಪೇಟೆಯಾದ ಶಹರ್ ಗಂಜಾಮಿಗೆ ಒಯ್ದರೆಂದು ಲೂಯಿ ರೈಸರ ಗೆಜೆಟಿಯರು ಬರೆಯುತ್ತದೆ. ಸಂಖ್ಯೆ ಹೆಚ್ಚು ಕಡಮೆ ಇರಬಹುದು. ಅಷ್ಟು ಮನೆಗಳ ಗೋಡೆ ಮುಂದಿನ ವರ್ಷ ಸುಣ್ಣ ಕಾಣಲಿಲ್ಲ ಎಂದು ಒಂದು ಗಳಿಗೆ ಯೋಚಿಸಿ ನೋಡಿ. ಮಣ್ಣಿನ ಗೋಡೆ ಸುಣ್ಣ ಸಾರಣೆಗಳಿಲ್ಲದೆ ನಾಲ್ಕೈದು ಮಳೆಗಾಲ ತಡೆದರೆ ಹೆಚ್ಚು. ಆಮೇಲೆ ಮನೆ ಇದ್ದ ಜಾಗ ದಿಬ್ಬವಾಗುತ್ತದೆ, ದಿಬ್ಬದ ಮೇಲೆ ತಂಗಡಿ ಹೂ ಬಿಡುತ್ತದೆ. ನಮ್ಮ ಸೀಮೆಯ ಹಾಳೂರು ದಿಬ್ಬಗಳೆಲ್ಲ ಒಂದು ಕಾಲಕ್ಕೆ ಇಂಥ ಗೋಡೆಗಳೇ.

ಇದಕ್ಕಿಂತ ಘೋರವಾದದ್ದು ಧಾತು ಈಶ್ವರ ಸಂವತ್ಸರಗಳ ಬರ, 1876ರಿಂದ 78ರವರೆಗಿನದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಇದ್ದ ಜನ 50 ಲಕ್ಷ 55 ಸಾವಿರ. ಹತ್ತು ವರ್ಷ ಕಳೆದು 1881ರಲ್ಲಿ 41 ಲಕ್ಷ 86 ಸಾವಿರ. ಆ ವರ್ಷಗಳಲ್ಲಿ ಊರು ಬಿಟ್ಟವರು ಸುಣ್ಣ ಬಳಿದು ಬಿಡಲಿಲ್ಲ, ಬೀಗ ಹಾಕಿಯೂ ಬಿಡಲಿಲ್ಲ. ಬರದ ಮಾತು ಇಷ್ಟು ಸಾಕು.

ಸುಣ್ಣ ಮತ್ತು ಊರು ಬಿಡುವುದು ಇವೆರಡೂ ಕೈಕೈ ಹಿಡಿದು ಬಂದ ಕಾಲ ಇನ್ನೊಂದು. ಅದು ಪ್ಲೇಗಿನ ಕಾಲ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟ ಆ ರೋಗ ಮೈಸೂರು ಸೀಮೆಯ ಊರೂರಿಗೂ ಹರಡಿ ಎಷ್ಟೋ ವರ್ಷ ಕಾಡಿತು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನ ಹೆದರಿ ಹೊರಬಂದಾಗ. ಹಳ್ಳಿಯಲ್ಲಿ ಬಡಾವಣೆ ಎಲ್ಲಿಂದ ಬರಬೇಕು? ಇಲಿ ಬಿತ್ತೆಂದರೆ ಊರಿಗೆ ಊರೇ ಎದ್ದು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ರೋಗದ ಉಪಟಳ ಚಳಿಗಾಲದಲ್ಲಿ ಹೆಚ್ಚು. ಆದ್ದರಿಂದ ಮಾರ್ನಮಿ ಕಳೆದರೆ ಕಣ್ಣು ಸೂರಿನ ಮೇಲೆಯೇ.

ನಮ್ಮ ಅಜ್ಜಿ ತನ್ನ ಅತ್ತೆಯಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದಳು. ಇಲಿ ಬಿದ್ದ ಸುದ್ದಿ ಪಕ್ಕದ ಊರಿನಿಂದ ಬಂದ ವರ್ಷ, ಹಬ್ಬಕ್ಕೆಂದು ಅರಳಿಸಿಟ್ಟ ಸುಣ್ಣವನ್ನು ಗೋಡೆಗೆ ಮಾತ್ರವಲ್ಲದೆ ನೆಲದ ಅಂಚಿಗೆ, ಕಣಜದ ಬುಡಕ್ಕೆ, ಬಚ್ಚಲ ಸುತ್ತಕ್ಕೆ ಎಲ್ಲ ಸುರಿದರಂತೆ. ಕಣಜದ ರಾಗಿ ಹೊಲಕ್ಕೆ ಸಾಗಿತು. ಗವಾಕ್ಷಿಯ ಮುಚ್ಚಳ ತೆಗೆದು, ಬಾಗಿಲು ಕಿಟಕಿ ಹಾರುಹೊಡೆದು, ಬಿಸಿಲು ಗಾಳಿ ಆಡಲಿ ಎಂದು ಮನೆಯನ್ನು ಹಾಗೆಯೇ ಬಿಟ್ಟು ಹೊರಟರು. “ಬೀಗ ಹಾಕ್ಲಿಲ್ವ ಅಜ್ಜಿ? ಕಳ್ಳರು ಬಂದ್ರೆ?” ಎಂದು ನಾವು ಕೇಳುತ್ತಿದ್ದೆವು. “ಅಂತಾ ಊರಿಗೆ ಯಾವ ಕಳ್ಳ ಬತ್ತಾನಪ್ಪ!” ಎನ್ನುವಳು. ಮೂರು ತಿಂಗಳು ಕಳೆದು ತಿರುಗಿ ಬಂದಾಗ ಮತ್ತೆ ಸುಣ್ಣ. ಮನೆಯೊಳಕ್ಕೆ ಮೊದಲು ಹೋದದ್ದು ಮನುಷ್ಯರಲ್ಲ, ಸುಣ್ಣದ ಹರವಿ. ಅಮೃತಕ್ಕೂ ಸುಣ್ಣಕ್ಕೂ ಒಂದೇ ಹೆಸರಿಟ್ಟ ಪೂರ್ವಿಕರನ್ನು ನಾನು ಒಪ್ಪಿದ್ದು ನಿಘಂಟಿನಿಂದಲ್ಲ, ಅಜ್ಜಿಯ ಈ ಮಾತಿನಿಂದ.

ಸುಣ್ಣದ ಜೊತೆಗೆ ಹಿತ್ತಿಲು. ಗೋಡೆ ಒಣಗುವವರೆಗೆ ಕೈಕಟ್ಟಿ ಕೂರುವ ಹಾಗಿಲ್ಲ. ತುಂಬೆ, ಉತ್ತರಾಣಿ, ಪಾರ್ಥೇನಿಯಂ ಎದೆಮಟ್ಟ ಬೆಳೆದಿರುತ್ತವೆ. ಅವರೆಯ ಚಪ್ಪರಕ್ಕೆ ಊರುಗೋಲು ಕೊಡಬೇಕು. ಬೂದುಗುಂಬಳದ ಬಳ್ಳಿಯನ್ನು ಮಾಳಿಗೆಯಿಂದ ಇಳಿಸಿ ಕಾಯಿ ಕೊಯ್ಯಬೇಕು. ಬೆಂಗಳೂರಿನ ಆಯುಧಪೂಜೆಗೆ ಒಡೆಯುವ ಕಾಯಿ ಬೆಂಗಳೂರಿನಲ್ಲಿ ಬೆಳೆಯುತ್ತದೆಯೆ? ಮೂಲೆಯಲ್ಲಿ ತಾತ ನೆಟ್ಟ ಎರಡು ದಾಳಿಂಬೆ ಗಿಡಗಳಿವೆ. ಮಧುಗಿರಿಯ ದಾಳಿಂಬೆ ಒಂದು ಕಾಲಕ್ಕೆ ಹೆಸರುವಾಸಿ. ತೋಟಗಾರಿಕೆಯ ಪುಸ್ತಕಗಳಲ್ಲಿ ‘ಮಧುಗಿರಿ’ ಎಂದೇ ಒಂದು ತಳಿಯ ಹೆಸರಿದೆ. ಗಿಡಕ್ಕೆ ಕೆಲಕಾಲ ನೀರು ನಿಲ್ಲಿಸಿ, ಬುಡ ಬಿಡಿಸಿ ಬೇರಿಗೆ ಬಿಸಿಲು ತೋರಿಸಿ, ಆಮೇಲೆ ಗೊಬ್ಬರ ನೀರು ಕೊಟ್ಟರೆ ಒಟ್ಟಿಗೆ ಹೂ ಬಿಡುತ್ತದೆ. ಸೆಪ್ಟೆಂಬರು ಅಕ್ಟೋಬರಿನ ಈ ಹೂವಿಗೆ ಬೆಳೆಗಾರರು ‘ಹಸ್ತ ಬಹಾರ್’ ಎನ್ನುತ್ತಾರೆ. ಹಸ್ತ ನಮ್ಮ ಪಂಚಾಂಗದ ನಕ್ಷತ್ರ, ಬಹಾರ್ ಪಾರಸಿಯ ವಸಂತ. ಎರಡು ಮಾತು ಒಂದು ಗಿಡದ ಬುಡದಲ್ಲಿ ಜೊತೆಯಾದದ್ದು ದಖನಿನ ಸುಲ್ತಾನರ, ಸುಬೇದಾರರ ತೋಟಗಳಲ್ಲಿ ಇರಬೇಕು ಎಂದು ನನ್ನ ಊಹೆ. ಶಿರಾದಲ್ಲಿ ಅಂಥ ಖಾನ್ ಬಾಗ್ ಎಂಬ ತೋಟವೊಂದಿತ್ತು. ಬೆಂಗಳೂರಿನ ಲಾಲ್‌ಬಾಗಿಗೆ ಅದೇ ಮೇಲ್ಪಂಕ್ತಿ ಎಂಬ ಮಾತೂ ಇದೆ. ತೋಟ ಹಾಕಿಸಿದ ಸುಬೇದಾರರು ಹೋದರು, ನೀರು ಹಾಯಿಸಿದವರೂ ಹೋದರು. ಗಿಡಕ್ಕೆ ಬಿಸಿಲು ತೋರಿಸುವ ವಿದ್ಯೆ ಮಾತ್ರ ನಮ್ಮ ತಾತನವರೆಗೆ ನಡೆದು ಬಂತು. ನನಗೆ ಅದು ಅರ್ಧ ಬರುತ್ತದೆ. ಒಮ್ಮೆ ಬುಡ ಬಿಡಿಸಿ ಮುಚ್ಚುವುದನ್ನು ಮರೆತು ಬಸ್ಸು ಹತ್ತಿ, ಒಂದು ಗಿಡವನ್ನು ಕಳೆದುಕೊಳ್ಳುತ್ತಿದ್ದೆ. ಪಕ್ಕದ ಮನೆಯ ಅತ್ತೆ ಮಣ್ಣು ಎಳೆದು ಉಳಿಸಿದರು.

ಹಸ್ತ ಎಂದಾಗ ಒಂದು ತಕರಾರನ್ನು ಹೇಳಲೇಬೇಕು. ಶರತ್ತಿನಲ್ಲಿ ಮಳೆ ನಿಲ್ಲುತ್ತದೆ ಎಂದು ಇಷ್ಟು ಹೊತ್ತು ಬರೆದೆನಲ್ಲ, ಅದು ಕಾಳಿದಾಸನ ಶರತ್ತು, ಪುಣೆಯ ಶರತ್ತು. ನಮ್ಮ ಪಾವಗಡ ಮಧುಗಿರಿಗಳದ್ದಲ್ಲ. ಮುಂಗಾರಿನ ಮೋಡ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ, ನೆಲಕ್ಕೆ ಇಳಿಯುವುದು ಕಡಮೆ. ವರ್ಷದ ಮಳೆಯ ದೊಡ್ಡ ಪಾಲು ಬೀಳುವುದೇ ಸೆಪ್ಟೆಂಬರು ಅಕ್ಟೋಬರಿನಲ್ಲಿ, ಉತ್ತರೆ ಹಸ್ತೆ ಚಿತ್ತೆಗಳಲ್ಲಿ. ಕಡಲೆಕಾಯಿ ಕಾಯಿ ಕಟ್ಟುವುದೂ ಕೆರೆಗೆ ನೀರು ಬರುವುದೂ ಆಗಲೇ. ಹೀಗಿರುವಾಗ ನಮ್ಮವರು ಮಾರ್ನಮಿಗೆ ಸುಣ್ಣ ಬಳಿಯುವುದೆಂದರೆ ಮಳೆಯೊಡನೆ ಪಂದ್ಯ ಕಟ್ಟಿದಂತೆ. ಗೆದ್ದರೆ ಗೋಡೆ ಬೆಳ್ಳಗೆ. ಸೋತರೆ ಹೊಲ ಹಸುರು. ಸೋಲಿಗೆ ಯಾರೂ ಅಳುವುದಿಲ್ಲ. ವಿಜಯನಗರದ ಪಂಚಾಂಗವನ್ನು ಒಪ್ಪಿಕೊಂಡು, ಆಕಾಶವನ್ನು ಮಾತ್ರ ತಮ್ಮದೇ ಇಟ್ಟುಕೊಂಡವರು ಇವರು.

ಈಗ ನನ್ನ ತಮ್ಮನ ಮಾತು. ಅವನು ಬೆಂಗಳೂರಿನಲ್ಲಿದ್ದಾನೆ. ನಾಲ್ಕು ವರ್ಷದ ಕೆಳಗೆ, “ಅಣ್ಣ, ಪ್ರತಿವರ್ಷ ಈ ಕಾಟ ಯಾಕೆ? ಒಂದೇ ಸಲ ಒಳ್ಳೆ ಬಣ್ಣ ಹೊಡೆಸಿಬಿಡೋಣ. ಏಳೆಂಟು ವರ್ಷ ಆ ಕಡೆ ತಿರುಗಿ ನೋಡಬೇಕಾಗಿಲ್ಲ” ಎಂದ. ನನಗೂ ಸರಿಯೆನಿಸಿತು. ಡಬ್ಬಿಗಳಲ್ಲಿ ಪ್ಲಾಸ್ಟಿಕ್ ಬಣ್ಣ ಬಂತು. ಮನೆ ತಿಳಿ ಹಸುರಾಗಿ, ನುಣ್ಣಗೆ, ಮದುವೆ ಛತ್ರದಂತೆ ಹೊಳೆಯಿತು. ಆ ವರ್ಷ ನಾನು ಹೊರಡುವಾಗ ಹಿತ್ತಿಲಿಗೂ ಹೋಗಿ ನೋಡಲಿಲ್ಲ. ಮರುವರ್ಷ ಮನಸ್ಸು ತಡೆಯದೆ ಹೋಗಿ ಬಾಗಿಲು ತೆಗೆದರೆ, ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ. ಬೆರಳಿನಿಂದ ಮುಟ್ಟಿದೆ, ಬಣ್ಣ ಹಾಳೆಯಾಗಿ ಸುರುಳಿ ಸುತ್ತಿ, ಹಿಂದಿನ ಮಣ್ಣನ್ನೂ ಹಿಡಿದುಕೊಂಡು ಕೆಳಗೆ ಬಿತ್ತು. ತಪ್ಪು ಬಣ್ಣದ್ದಲ್ಲ, ನಮ್ಮದು. ಮಣ್ಣಿನ ಗೋಡೆ ನೆಲದಿಂದ ತೇವ ಹೀರಿ ಮೈಯಿಂದ ಬಿಡುತ್ತದೆ. ಸುಣ್ಣ ಅದಕ್ಕೆ ದಾರಿ ಕೊಡುತ್ತದೆ, ಪ್ಲಾಸ್ಟಿಕ್ ಕೊಡುವುದಿಲ್ಲ. ನಮಗೆ ಸುಣ್ಣ ಬಳಿದುಕೊಡುವ ಹಿರಿಯರು ಬಂದು ನೋಡಿ, “ಮೇಷ್ಟ್ರೇ, ಗ್ವಾಡೆಗೆ ಉಸ್ರು ಕಟ್ಟೈತೆ” ಎಂದಷ್ಟೇ ಹೇಳಿ, ಕೆರೆಯುವುದಕ್ಕೆ ಸಲಿಕೆ ಹುಡುಕಿದರು. ಹೆರೆದು, ಮಣ್ಣು ಸಾರಿಸಿ, ಮೂರು ಕೋಟು ಸುಣ್ಣ ಕಾಣಿಸುವುದಕ್ಕೆ ಎರಡು ವರ್ಷದ ರಜೆ ಖರ್ಚಾಯಿತು.

ತಮ್ಮ ಈಗ ಬೇರೆ ಮಾತು ತೆಗೆದಿದ್ದಾನೆ. ರಸ್ತೆಯ ಕಡೆಯ ನಿವೇಶನ, ಕೊಳ್ಳುವವರಿದ್ದಾರೆ, ಮನೆ ಕೆಡವಿ ಅಂಗಡಿ ಕಟ್ಟುತ್ತಾರಂತೆ. ಅವನು ಹೇಳುವುದರಲ್ಲಿ ಅನ್ಯಾಯವಿಲ್ಲ. ಅವನ ಮಕ್ಕಳಿಗೆ ಆ ಊರಿನ ಹೆಸರು ಬರೆಯಲು ಬರುತ್ತದೆ, ಅಷ್ಟೆ. ನನ್ನ ಮಗಳಿಗೂ ಹೆಚ್ಚೇನಿಲ್ಲ. ನಾನು ಅವನಿಗೆ ಪಾಯೆಸನ ಡೇರೆಯ ಕತೆ, ಪ್ಲೇಗಿನ ಕತೆ ಹೇಳಿದರೆ, “ಅಣ್ಣ, ನಿನ್ನ ಲೆಕ್ಕದಲ್ಲಿ ಎಲ್ಲರೂ ಹೋದವರೇ ಅಲ್ಲವೇ?” ಎಂದು ನನ್ನನ್ನೇ ಸಿಕ್ಕಿಸಿದ. ಹೌದು, ಹೋದವರೇ. ತಿರುಗಿ ಬರುವ ಎಣಿಕೆಯಿದ್ದವರು ಸುಣ್ಣ ಬಳಿದು ಹೋದರು ಎಂದೆ. “ಎಣಿಕೆ ಇದೆಯಾ ನಿನಗೆ?” ಎಂದ. ದೀಪಾವಳಿಗೆ ಕೂತು ಮಾತಾಡೋಣ ಎಂದು ಹೇಳಿ ಫೋನು ಇಟ್ಟೆ.

ಈ ಸಲ ಕೆಲಸ ಮುಗಿಸಿ ಹೊರಟದ್ದು ಸಂಜೆಯ ಬಸ್ಸಿಗೆ. ಬಸ್ಸಿನ ತುಂಬ ಬೂದುಗುಂಬಳದ ಮೂಟೆ, ಚೆಂಡುಹೂವಿನ ಗಂಟು, ಬೆಂಗಳೂರಿಗೆ ಹೊರಟ ಹುಡುಗರು. ಪೂರ್ವದ ಗೋಡೆ ಅಷ್ಟು ಹೊತ್ತಿಗೆ ಬೆಳ್ಳಗಾಗಿತ್ತು. ಪಡುವಣ ಗೋಡೆಯ ಎರಡನೆಯ ಕೋಟು ಇನ್ನೂ ಹಸಿ. ಬೀಗದ ಕೈಯನ್ನು ಪಕ್ಕದ ಮನೆಯ ಅತ್ತೆಗೆ ಕೊಟ್ಟು ಬಂದಿದ್ದೆ. ಮಧುಗಿರಿ ಬರುವಷ್ಟರಲ್ಲಿ ಹಸ್ತೆ ಶುರುವಾಯಿತು. ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತಿದ್ದಾಗಲೇ ಅತ್ತೆಯ ಫೋನು ಬಂತು. “ಪಡುವಣ ಗ್ವಾಡೆದು ಒಂದು ಚೂರೂ ನಿಂತಿಲ್ಲ ಕಣಪ್ಪ, ಎಲ್ಲ ಅಂಗಳಕ್ಕೆ ಇಳ್ದೈತೆ. ಕೆರೆ ಕಡೆ ಸದ್ದು ಜೋರಾಗೈತೆ, ನೀರು ಬತ್ತೈತೆ ಕಾಣ್ತದೆ. ಗುಂಡೀಲಿ ಸುಣ್ಣ ಇನ್ನೂ ಉಳ್ದಿತ್ತಲ್ಲ, ಒಣಗಬಾರ್ದು ಅಂತ ನೀರು ನಿಲ್ಸಿ ಕಲ್ಲು ಮುಚ್ಚಿವ್ನಿ. ಹಬ್ಬಕ್ಕೆ ಬತ್ತೀಯಲ್ಲ?”